ಪದ್ಮಾಳ ಹಲ್ಲಿಗಾಗಿ ಮಿರಜಿಗೆ

ಆ ದಿನ ಬೆಳಿಗ್ಗೆಯೂ ಎಂದಿನಂತೆ ನೀರು ಸೋಸಿ ಹಂಡೆಗೆ ತುಂಬಿದೆ, ಚಹಾಕ್ಕೆ ಇಟ್ಟೆ, ಗಂಡಸರು ಬೆಲ್ಲದ ಪೇಟೆಗೆ ಹೊರಡುವ ಮೊದಲು ರೊಟ್ಟಿ ಬಡಿದೆ. ನನ್ನ ನೆಗೆಣ್ಣಿ ಚಂಪಾ ಪಡಸಾಲೆಯ ಗೋಡೆಗೆ ಒರಗಿ, ಮಗಳು ಪದ್ಮಾಳನ್ನು ತೊಡೆಯ ಮೇಲೆ ಅಡ್ಡ ಹಾಕಿಕೊಂಡು, ಹಾಲಿನಲ್ಲಿ ಕಿವುಚಿದ ರೊಟ್ಟಿ ತಿನ್ನಿಸುತ್ತಿದ್ದಳು. ಒಂಬತ್ತು ವರ್ಷದ ಹುಡುಗಿ. ಹುಟ್ಟುವಾಗ ಉಸಿರು ತಡವಾಗಿ ಬಂತು. ಅಂದಿನಿಂದ ಕೈಕಾಲು ಸೆಟೆದುಕೊಂಡೇ ಇವೆ, ಕತ್ತು ನಿಲ್ಲುವುದಿಲ್ಲ, ಮಾತು ಬಂದಿಲ್ಲ. ಬಾಯಿಗಿಟ್ಟ ತುತ್ತು ಸುಲಭವಾಗಿ ಗಂಟಲಿಗೆ ಇಳಿಯುವುದಿಲ್ಲ. ಅರ್ಧ ದವಡೆಯಲ್ಲೇ ಉಳಿಯುತ್ತದೆ. ಅಂದು ಮೂರನೆಯ ತುತ್ತಿಗೇ ಚೀರಿ ಬೆನ್ನು ಬಾಗಿಸಿದಳು. ಎಂಟು ದಿನದಿಂದ ಹೀಗೆಯೇ. ಎಡಗೆನ್ನೆ ಊದಿ ಹೊಳೆಯುತ್ತಿತ್ತು.

"ಅಕ್ಕಾರ, ಇವತ್ತ ಹೋಗೇ ಬಿಡೂಣ್ರಿ" ಎಂದಳು ಚಂಪಾ. "ಡಾಕ್ಟರ್ ಏನ ಬೇಕಾದ್ದ ಮಾಡ್ಲಿ. ಹುಡುಗಿ ಒಂದ ಹೊತ್ತು ಉಂಡ್ರ ಸಾಕು."

ಚಂಪಾ ನನ್ನ ಮೈದುನನ ಹೆಂಡತಿ, ಲಿಂಗನೂರಿನವಳು, ಶಾಲೆಗೆ ಹೋದವಳಲ್ಲ. ನಾನು ಬೆಳಗಾವಿಯ ಕಾನ್ವೆಂಟಿನಲ್ಲಿ ಓದಿದವಳು. ಇಂಗ್ಲಿಷ್ ಆಡಬೇಕಾದ ಕಡೆಯೆಲ್ಲ ಮನೆಯವರು ನನ್ನನ್ನೇ ಮುಂದೆ ಮಾಡುತ್ತಾರೆ. ಹೋದ ವರ್ಷ ದೀಪಾವಳಿ ಕಳೆದ ಮೇಲೆ ಇದೇ ಮಗುವನ್ನು ಮಿರಜಿನ ಇದೇ ಹಲ್ಲಿನ ಡಾಕ್ಟರಿಗೆ ತೋರಿಸಿದಾಗಲೂ ನಾನೇ ಜೊತೆಗಿದ್ದೆ.

ಸಾಂಗ್ಲಿಯಿಂದ ಮಿರಜಿಗೆ ಆರು ಮೈಲಿ. ರೈಲಿನಲ್ಲಿ ಬೇಗ ಮುಟ್ಟಬಹುದು. ಆದರೆ ಡಬ್ಬಿಯಲ್ಲಿ ಜನ ಪದ್ಮಾಳನ್ನು ನೋಡಿ ತಮ್ಮ ಮಕ್ಕಳನ್ನು ಆಚೆ ಎಳೆದುಕೊಳ್ಳುವುದನ್ನು ಒಮ್ಮೆ ಕಂಡ ಮೇಲೆ ಟಾಂಗಾವೇ ಲೇಸೆನಿಸಿತು. ಹಸನಸಾಬ ಹೋಗಿಬರಲು ಒಂದೂವರೆ ರೂಪಾಯಿಗೆ ಒಪ್ಪಿದ.

"ಹಲ್ಲ ತೋರ್ಸಾಕ ಮಿರಜತನಕ ಯಾಕ್ರಿ ಬಾಯಾರ? ಈ ಕುದರಿ ತಗೊಳ್ಳುವಾಗ ನಾ ಹಲ್ಲ ಎಣಿಸೇ ತಗೊಂಡೇನಿ" ಎಂದ.

"ಕಾಲ ಎಣಸೂದು ಮರತಿ ನೋಡು" ಎಂದಳು ಚಂಪಾ. "ನಾಕೂ ಅದಾವೋ ಇಲ್ಲೋ, ಹಿಂಗ ನಡೀತೈತಿ."

ಹಸನಸಾಬ ನಕ್ಕು ಚಾಟಿ ಆಡಿಸಿದ. ಬಿಸಿಲು ಆಗಲೇ ಏರಿತ್ತು. ಇತ್ತಕಡೆ ಕಬ್ಬು, ಅತ್ತಕಡೆ ಬರಿಯ ಕರಿಮಣ್ಣು. ಒಂದು ಸಂಸ್ಥಾನ ಮುಗಿದು ಇನ್ನೊಂದು ಶುರುವಾಗುವಲ್ಲಿ ಸುಂಕದ ನಾಕಾದ ಸಿಪಾಯಿ ಟಾಂಗಾ ತಡೆದು ಚಂಪಾಳ ಮಡಿಲಿಗೆ ಕೋಲು ತೋರಿಸಿದ.

"ಗಂಟಿನಾಗ ಏನೈತಿ? ಬೆಲ್ಲೇನು?"

ಚಂಪಾ ಶಾಲು ಸರಿಸಿದಳು. ಅವನು ನೋಡಿ ಹಿಂದೆ ಸರಿದ. ಮುಟ್ಟದಿದ್ದರೂ ಕೈಯನ್ನು ಚಣ್ಣಕ್ಕೆ ಒರೆಸಿಕೊಂಡ. "ಜಾವಾ, ಜಾವಾ" ಎಂದು ಮರಾಠಿಯಲ್ಲಿ ಹೇಳಿ ಅಡ್ಡಗೋಲು ಎತ್ತಿದ.

ದಾರಿಯುದ್ದಕ್ಕೂ ನನಗೆ ಒಳಗೊಳಗೆ ಸಿಟ್ಟಿತ್ತು. ಡಾಕ್ಟರು ಹೇಳಿದಂತೆ ನಡೆದುಕೊಂಡೂ ಹಲ್ಲು ಹೀಗೇಕಾಯಿತು? ದಿಲ್ಲಿಯ ಕಡೆಯವರು ಅವರು. ಹೋದ ಸಲ ನನ್ನೊಡನೆ ಇಂಗ್ಲಿಷಿನಲ್ಲಿ ಮಾತನಾಡಿ, ಕೊನೆಗೆ ಚಂಪಾಳ ಕಡೆ ತಿರುಗಿ ಅವಳಿಗೂ ತಿಳಿಯಲೆಂದು ಹಿಂದುಸ್ತಾನಿಯಲ್ಲಿ, "ಮಿಶ್ರಿ ಬಂದ್. ಬಿಲ್‌ಕುಲ್ ಬಂದ್" ಎಂದಿದ್ದರು. ಮಿಶ್ರಿ ಏನೆಂದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಹೆಂಗಸರು ಹೆಂಚಿನ ಮೇಲೆ ತಂಬಾಕು ಸುಟ್ಟು, ಪುಡಿ ಮಾಡಿ, ಹಲ್ಲು ತಿಕ್ಕುವ ಕರಿಪುಡಿ. ಚಂಪಾ ತಾನೂ ತಿಕ್ಕುತ್ತಿದ್ದಳು, ಅದೇ ಬೆರಳಿನಿಂದ ಮಗಳ ಹಲ್ಲಿಗೂ ಒಂದು ಚಿಟಿಕೆ ಸವರುತ್ತಿದ್ದಳು. ಡಾಕ್ಟರು ಅದನ್ನು ಕಂಡುಹಿಡಿದರಲ್ಲ ಎಂದು ನನಗೆ ನಾಚಿಕೆಯಾಗಿತ್ತು. ಮರಳುವಾಗ ಅವಳಿಗೆ ಸಾಕಷ್ಟು ಬೈದೆ. ಚಂಪಾ ಅಂದೇ ಮಿಶ್ರಿಯ ಡಬ್ಬಿಯನ್ನು ಬಚ್ಚಲಿಗೆ ಸುರಿದಳು. ತಾನೂ ಬಿಟ್ಟಳು, ಹದಿನೈದು ದಿನ ತಲೆನೋವಿನಿಂದ ಒದ್ದಾಡಿದಳು. ಮಗಳ ಬಾಯಿಗೆ ಮತ್ತೆ ಬೆರಳು ಹಾಕಲಿಲ್ಲ.

ಮಿರಜಿನಲ್ಲಿ ಸಿತಾರು ಮಾಡುವವರ ಓಣಿ ದಾಟಿದೆವು. ಅಂಗಡಿಗಳ ಮುಂದೆ ಒಣಗಿದ ದೊಡ್ಡ ದೊಡ್ಡ ಸೋರೆಬುರುಡೆಗಳನ್ನು ಕವುಚಿ ಹಾಕಿದ್ದರು. ಡಾಕ್ಟರರ ಕೋಣೆ ಅಲ್ಲಿಂದ ಎರಡು ತಿರುವು ಆಚೆ. ಹೊರಗೆ ಬಾಂಕಿನ ಮೇಲೆ ಕುಳಿತು ಒಂದು ತಾಸು ಕಾದೆವು.

ಡಾಕ್ಟರು ಪದ್ಮಾಳ ಬಾಯಿಗೆ ಚಮಚೆಯ ಹಿಡಿ ಇಟ್ಟ ಕೂಡಲೇ ಅವಳು ಅದನ್ನು ಗಟ್ಟಿಯಾಗಿ ಕಚ್ಚಿಕೊಂಡಳು. ಬೇಕೆಂದು ಕಚ್ಚುವುದಲ್ಲ, ಬಾಯಿಗೆ ಏನು ತಾಗಿದರೂ ದವಡೆ ತಾನೇ ಮುಚ್ಚಿಕೊಳ್ಳುತ್ತದೆ. ಅವರು ಅವಸರ ಮಾಡದೆ ಕಾದು, ದವಡೆ ಸಡಿಲಾದ ಮೇಲೆ ಒಳಗೆ ನೋಡಿದರು. ಅವರ ಮುಖ ಬಿಗಿಯಿತು.

"ಮಿಶ್ರಿ ನಿಲ್ಲಿಸಲಿಲ್ಲವೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಅಂದೇ ನಿಲ್ಲಿಸಿದೆವು. ತಾಯಿ ಕೂಡ ಬಿಟ್ಟಳು" ಎಂದೆ ನಾನು, ಸ್ವಲ್ಪ ಬಿರುಸಾಗಿಯೇ.

"ತಾಯಿ ಏಕೆ ಬಿಡಬೇಕು?" ಎಂದು ಅವರು ಹುಬ್ಬೇರಿಸಿದರು.

ಅಷ್ಟರಲ್ಲಿ ಪದ್ಮಾ ಅಳತೊಡಗಿದಳು. ಚಂಪಾ ಸೆರಗಿನ ಗಂಟು ಬಿಚ್ಚಿ ಒಂದು ತುಂಡು ಖಡಿಸಾಖರೆಯನ್ನು, ಅಂದರೆ ಕಲ್ಲುಸಕ್ಕರೆಯನ್ನು, ಮಗಳ ದವಡೆಗೆ ಇಟ್ಟಳು. ಗುಕ್ಕು ಇಳಿಯದಿದ್ದಾಗ, ಅಳುವಾಗ, ಮಲಗಿಸುವಾಗ ಅವಳಿಗೆ ಅದೇ. ಸಕ್ಕರೆಗೆ ರೇಷನ್ ಇದ್ದ ಆ ದಿನಗಳಲ್ಲೂ ನನ್ನ ಮೈದುನ ಎಲ್ಲೆಲ್ಲೋ ಹುಡುಕಿ ಮಗಳಿಗಾಗಿ ಅದನ್ನು ತರುತ್ತಿದ್ದ.

ಡಾಕ್ಟರು ಇಕ್ಕಳದಿಂದ ಆ ತುಂಡನ್ನು ಹೊರಗೆ ತೆಗೆದು ನನ್ನ ಮುಂದೆ ಹಿಡಿದರು.

"ಮತ್ತೆ ಇದೇನು? ಇದೇ ಮಿಶ್ರಿ!"

ಅವರ ಊರಲ್ಲಿ ಖಡಿಸಾಖರೆಗೆ ಮಿಶ್ರಿ ಎನ್ನುತ್ತಾರೆ. ನಾನು ಎರಡು ಭಾಷೆ ಬಲ್ಲೆನೆಂದುಕೊಂಡು ಮೂರನೆಯದನ್ನು ಕೇಳಿಯೇ ಇರಲಿಲ್ಲ. ವರ್ಷವಿಡೀ ಹಲ್ಲು ಕೊರೆಯುವುದನ್ನು ದವಡೆಯಲ್ಲಿ ಇಟ್ಟಿದ್ದೆವು. ಆ ಹಲ್ಲನ್ನು ಒರೆಸುತ್ತಿದ್ದ ಒಂದು ಬೆರಳನ್ನೂ ತೆಗೆಸಿಬಿಟ್ಟಿದ್ದೆ.

"ಏನಂತಾರ ಅಕ್ಕಾರ?" ಎಂದಳು ಚಂಪಾ.

"ಸಕ್ಕರಿ ಕೊಡಬ್ಯಾಡ ಅಂತಾರ" ಎಂದೆ. ಅಷ್ಟೇ ಎಂದೆ.

ಡಾಕ್ಟರು ತಂಬಾಕನ್ನೇನೂ ಹೊಗಳಲಿಲ್ಲ. ಆದರೆ ಹೇಳಿದರು: ನಮ್ಮ ನಾಲಿಗೆ ಉಂಡ ಮೇಲೆ ಸುಮ್ಮನಿರದೆ ಬಾಯಿಯ ಮೂಲೆ ಮೂಲೆ ಗುಡಿಸುತ್ತದೆ, ಈ ಮಗುವಿನ ನಾಲಿಗೆಗೆ ಅದು ಆಗದು, ಆ ಕೆಲಸ ತಾಯಿಯ ಬೆರಳೇ ಮಾಡಬೇಕು. ದಾರದ ಖಾಲಿ ರೀಲಿಗೆ ಬಟ್ಟೆ ಸುತ್ತಿ ದವಡೆಗಳ ನಡುವೆ ಇಟ್ಟು, ಉಪ್ಪುನೀರಿನ ಅರಿವೆಯಿಂದ ಒರೆಸುವುದನ್ನು ಮಾಡಿ ತೋರಿಸಿದರು. ಐದು ನಿಮಿಷವೂ ಹಿಡಿಯಲಿಲ್ಲ.

ಆರು ಹಲ್ಲು ಕೀಳಬೇಕಾಯಿತು. ಕಫ ಗಂಟಲಿಗೆ ಕಟ್ಟೀತೆಂದು ಮೈಮರೆಸುವ ಔಷಧ ಕೊಡಲಿಲ್ಲ. ವಸಡಿಗೆ ಸೂಜಿ ಚುಚ್ಚಿದರು. ಕಂಪೌಂಡರ್ ಕಾಲು ಹಿಡಿದ, ನಾನು ತಲೆ ಹಿಡಿದೆ, ಚಂಪಾ ಎರಡು ಕೈ ಹಿಡಿದಳು. ಒಂದು ಹಲ್ಲಂತೂ ಇಕ್ಕಳ ತಾಗಿದೊಡನೆ ಪುಡಿಯಾಯಿತು.

"ಇವು ಮತ್ತ ಬರ್ತಾವಲ್ರಿ?" ಎಂದು ಚಂಪಾ ನನ್ನನ್ನು ಕೇಳಿದಳು.

ಡಾಕ್ಟರನ್ನು ಕೇಳಿದೆ. ನಾಲ್ಕು ಹಾಲುಹಲ್ಲು, ಅವು ಬರುತ್ತವೆ. ಎರಡು ದವಡೆ ಹಲ್ಲು ಬರುವುದಿಲ್ಲ. ಈ ಸಲ ಒಂದಕ್ಷರ ತಪ್ಪದೆ ತಿಳಿಸಿದೆ.

ಸೂರ್ಯ ಮುಳುಗುವ ಮೊದಲೇ ಊಟ ಮುಗಿಸುವ ಜೈನರ ಮನೆ ನಮ್ಮದು. ನಾಲ್ಕಕ್ಕೇ ಮಿರಜು ಬಿಟ್ಟೆವು. ಪದ್ಮಾ ಸೋತು ನಿದ್ದೆಹೋಗಿದ್ದಳು. ಕುದುರೆ ನಿಧಾನವಾಗಿಯೇ ನಡೆಯಿತು. ನಾಕಾ ದಾಟಿದ ಮೇಲೆ ನನಗೆ ತಡೆಯಲಾಗಲಿಲ್ಲ. ಮಿಶ್ರಿ ಎಂದರೆ ಡಾಕ್ಟರ ಭಾಷೆಯಲ್ಲಿ ಏನೆಂಬುದನ್ನು ಚಂಪಾಳಿಗೆ ಹೇಳಿಬಿಟ್ಟೆ.

ಅವಳು ಬಹಳ ಹೊತ್ತು ಮಗಳ ಬಾಯಿಂದ ಇಳಿಯುತ್ತಿದ್ದ ಕೆಂಪು ಜೊಲ್ಲು ಒರೆಸುತ್ತಿದ್ದಳು.

"ಹಂಗಾರ ಬರೇ ಅರಿವಿಲೆ ತಿಕ್ಕಬೋದಿತ್ತು?"

"ಹೌದು."

"ದಿನಾ?"

"ಹೌದು, ಚಂಪಾ."

"ಅವತ್ತ ಇದ ಟಾಂಗಾದಾಗ ನೀವು ನನಗ ಹೇಸಿ ಅಂದ್ರಿ, ಅಕ್ಕಾರ."

ಹಸನಸಾಬ ಹಿಂತಿರುಗಿ ನೋಡಲಿಲ್ಲ.

ಮನೆ ಮುಟ್ಟಿದಾಗ ಇನ್ನೂ ಬೆಳಕಿತ್ತು. ನೆರೆಮನೆಯ ಸುಂದರಾಬಾಯಿ ತಮ್ಮ ಕಟ್ಟೆಯ ಮೇಲೆ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ಚಂಪಾ ಮಗಳನ್ನು ಹೆಗಲಿಗೆ ಹಾಕಿಕೊಂಡು ಇಳಿದು, ನಾನು ಬಾಗಿಲಿನ ಚಿಲಕ ತೆಗೆಯುವವರೆಗೆ ಬದಿಯಲ್ಲಿ ನಿಂತಿದ್ದಳು. ಎಷ್ಟು ಹಲ್ಲು ತೆಗೆದರೆಂದು ಸುಂದರಾಬಾಯಿ ಕೇಳಿದರು; ಆರು ಎಂದೆ. ಅವರು ಒಂದು ಬೀಜವನ್ನು ಮೊರಕ್ಕೆ ಹಾಕಿ, ಇನ್ನೊಂದು ಹುಣಸೆಹಣ್ಣು ಎತ್ತಿಕೊಳ್ಳುತ್ತ ಹೇಳಿದರು:

"ನೀವು ಕಲತವರು ಜೋಡೀಗೆ ಹೋದದ್ದ ಚೊಲೋ ಆತು ನೋಡ್ರಿ, ವೈನಿ. ಇಲ್ಲಾಂದ್ರ ಡಾಕ್ಟರ ಮಾತು ಈಕಿಗೇನ ತಿಳೀತಿತ್ತು?"