ಬಳೆಗಾರ್ತಿಯ ಹಿಡಿತ

ಬೀಬೀಜಾನ ಚಾಚಿ ಕೈ ಹಿಡಿದರೆ ಮುಗಿಯಿತು, ಮೂಳೆಗಳೂ ಅವಳ ಮಾತು ಕೇಳುತ್ತಿದ್ದವು. ಹೆಬ್ಬೆರಳಿನ ಬುಡವನ್ನು ಒಳಕ್ಕೆ ಒತ್ತಿ, ಅಂಗೈ ಮಡಚಿ, ನಾವು ‘ಅಯ್ಯಮ್ಮಾ’ ಎನ್ನುವಷ್ಟರಲ್ಲಿ ಬಿಗಿಯಾದ ಗಾಜಿನ ಬಳೆಯನ್ನು ಮಣಿಕಟ್ಟಿಗೆ ದಾಟಿಸಿಬಿಡುತ್ತಿದ್ದಳು. ಗದಗದ ಕಡೆಯವಳು. ಗಾದಿ ಹೊಲಿಯುತ್ತಿದ್ದ ಗಂಡ ಕರೀಮಸಾಬ ಹಾಸಿಗೆ ಹಿಡಿದ ಮೇಲೆ ಬಳೆಯ ಬುಟ್ಟಿ ಹೊತ್ತು ಸಯನ್‌ನ ನಮ್ಮ ಚಾಳಿನಲ್ಲಿ ಮನೆಮನೆ ತಿರುಗುತ್ತಿದ್ದಳು. ಒಂದು ಕಡೆ ಐದು ನಿಮಿಷ ಕೂತವಳಲ್ಲ.

ಅದು ೧೯೭೧. ನಾನು ಬಾಂದ್ರಾದ ಆಫೀಸೊಂದರಲ್ಲಿ ಟೈಪಿಸ್ಟ್. ಸ್ಟೇಷನ್ನಿನೆದುರಿನ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಿದ್ದ ನನ್ನಣ್ಣ ಸದಾನಂದ ಕೆಲಸಕ್ಕೆ ಕಳಿಸುವಾಗಲೇ ಷರತ್ತು ಹಾಕಿದ್ದ: “ದಾರಿಯಲ್ಲಿ ಒಂದು ಸಣ್ಣ ರಗಳೆ ಆದರೂ ಸಾಕು ವಾರಿಜಾ, ಮರುದಿನವೇ ಉಡುಪಿಯ ಬಸ್ಸು.” ಉಡುಪಿಗೆ ಹೋದರೆ ಮದುವೆ, ಆಮೇಲೆ ಒಲೆ. ನನಗೆ ಟೈಪ್‌ರೈಟರೇ ಬೇಕಿತ್ತು.

ಒಂದು ಸಂಜೆ ಸಯನ್ ಸ್ಟೇಷನ್ನಿನ ಸೇತುವೆಯ ಮೇಲೆ, ಬ್ರಿಟಿಷರ ಕಾಲದ ಆ ಇಕ್ಕಟ್ಟಿನ ತಿರುವಿನಲ್ಲಿ, ಒಬ್ಬ ನನ್ನ ಮುಂಗೈ ಹಿಡಿದೆಳೆದ. ಇಸ್ತ್ರಿ ಮಾಡಿದ ಶರಟು, ಕೈಯಲ್ಲಿ ಚರ್ಮದ ಚೀಲ, ನೋಡಿದರೆ ಮರ್ಯಾದಸ್ಥ! ಕೈ ಕಿತ್ತುಕೊಂಡು ಓಡಿದೆ. ನಾಲ್ಕು ಹಸಿರು ಬಳೆ ಒಡೆದಿದ್ದವು. ಮನೆಗೆ ಹೋಗದೆ ನೇರ ಚಾಚಿಯ ಖೋಲಿಗೆ ನುಗ್ಗಿದೆ.

“ಇಂಥವೇ ಹಸಿರು ಬಳೆ ಹಾಕು ಚಾಚಿ, ಬೇಗ. ಅಣ್ಣನಿಗೆ ಗೊತ್ತಾಗಬಾರದು.”

ಅವಳು ಏನೂ ಕೇಳದೆ ಬಳೆ ಏರಿಸಿದಳು. ಆದರೆ ನನ್ನ ಕೈ ಬಿಡಲಿಲ್ಲ. “ಬ್ರಿಜ್ಜಿನ ತಿರುವಿನ್ಯಾಗ, ಹೌದಿಲ್ಲೋ? ಈ ವರ್ಷ ನೀ ಐದನೇದಾಕಿ. ಎಲ್ಲಾರೂ ಬಂದ್ರು, ಹಾಕಿಸ್ಕೊಂಡ್ರು, ಸುಮ್ಮನಾದ್ರು. ನಾನೂ ಬಾಯಿ ಮುಚ್ಕೊಂಡು ತೊಡಿಸಿದೆ. ಥೂ ನನ್ನ!” ಎಂದು ಹಣೆ ಬಡಿದುಕೊಂಡಳು.

ಮರುದಿನದಿಂದ ಅವಳ ಬುಟ್ಟಿ ಆ ತಿರುವಿಗೇ ಬಂತು. ಸಂಜೆ ಐದಕ್ಕೆ ಬಂದರೆ ಚಾಳಿನ ಕೊನೆಯ ಹೆಂಗಸು ಲೋಕಲ್ ಇಳಿದು ಬರುವ ತನಕ ಜಾಗ ಬಿಡುತ್ತಿರಲಿಲ್ಲ. ಹಾಗಂತ ಸುಮ್ಮನೆ ಕೂತಳೇ? ಬುಟ್ಟಿ ಆಚೆ ಈಚೆ ಎಳೆಯುವುದು, ಎದ್ದು ಇಣುಕುವುದು, “ಗೌಹರ ಬಂದ್ಲು, ಶೀಲಾವತಿ ಯಾಕ ಇನ್ನೂ ಇಲ್ಲ?” ಎಂದು ಗೊಣಗುವುದು. ನನಗಂತೂ ದಿನಾ ಒಂದೇ ಭಯ. ಆ ಮನುಷ್ಯ ಸಿಕ್ಕಿಬಿದ್ದರೆ ನನ್ನ ಗುಟ್ಟೂ ಬೀದಿಗೆ ಬರುತ್ತದಲ್ಲ!

ಒಂಬತ್ತನೆಯ ದಿನ ಬಂದ. ನಾನು ತಿರುವು ದಾಟುತ್ತಿದ್ದಂತೆ ಅವನ ಕೈ ಮತ್ತೆ ನನ್ನತ್ತ ಬಂತು. ಚಾಚಿ ಅದನ್ನು ನಡುವೆಯೇ ಹಿಡಿದಳು. ಹೆಬ್ಬೆರಳಿನ ಬುಡ ಒಳಕ್ಕೆ, ಅಂಗೈ ಮಡಚಿ... ಆಸಾಮಿ ಅಯ್ಯೋ ಎಂದು ಮೊಣಕಾಲೂರಿದ. ಜನ ಸೇರಿದರು. ಎದುರಿನ ಹೋಟೆಲಿನಿಂದ ಅಣ್ಣನೂ ಓಡಿಬಂದ.

“ಮೈನೇ ಕುಛ್ ನಹೀಂ ಕಿಯಾ!” ಎಂದು ಆಸಾಮಿ ಅರಚಿದ, ತಾನೇನೂ ಮಾಡಿಲ್ಲವಂತೆ.

“ವಾರಿಜಾ, ಅವತ್ತಿನಾಂವ ಇವನೇ ಏನು?” ಚಾಚಿ ಕೇಳಿದಳು.

ಅಣ್ಣ ನನ್ನ ಮುಖವನ್ನೇ ನೋಡುತ್ತಿದ್ದ. ಇಲ್ಲ ಎಂದರೆ ನನ್ನ ಕೆಲಸ ಉಳಿಯುತ್ತದೆ, ಇವನೂ ಉಳಿಯುತ್ತಾನೆ.

“ಹೌದು, ಇವನೇ,” ಎಂದೆ.

ಗುಂಪಿನಲ್ಲಿ ಯಾರೋ ನಕ್ಕು, “ಇವನಿಗೇ ಬಳೆ ತೊಡಿಸು!” ಎಂದು ಕೂಗಿದ. ಚಾಚಿಗೆ ರೇಗಿತು. “ಯಾಕ? ನನ್ನ ಬಳೆ ದುಡಿದು ತಿನ್ನೋ ಹೆಣ್ಮಕ್ಕಳ ಕೈಗೆ. ಇಂಥಾ ಹೊಲಸು ಕೈಗೆ ಪೊಲೀಸರ ಕಡೆ ಬೇಡಿ ಅದಾವ.”

ಪೊಲೀಸರು ಅವನನ್ನು ಕರೆದೊಯ್ದ ಮೇಲೆ ಅಣ್ಣ ಹಲ್ಲು ಕಚ್ಚಿ, “ಸಾಕು ಮಾರಾಯ್ತಿ. ನಾಳೆಯಿಂದ ಮನೆಯಲ್ಲಿರು,” ಎಂದ.

“ಸದಾನಂದಪ್ಪಾ,” ಚಾಚಿ ಅಡ್ಡ ಬಂದಳು, “ತಪ್ಪು ಮಾಡಿದಾಂವ ಜಾಮೀನು ತಗೊಂಡು ನಾಳೆ ಆಫೀಸಿಗೆ ಹೋಗತಾನ. ಈಕಿ ಯಾಕ ಮನ್ಯಾಗ ಕೂಡಬೇಕು?”

ಅಣ್ಣ ಹೋಟೆಲಿನ ಕಡೆ ತಿರುಗಿ ನಡೆದ. ಬೆಳಿಗ್ಗೆ ನಾನು ಡಬ್ಬಿ ಹಿಡಿದು ಹೊರಟಾಗ ಬಾಗಿಲಿಗೆ ಅಡ್ಡ ನಿಂತಿದ್ದ. ಹೊರಗೆ ಗೌಹರ, ಶೀಲಾವತಿ, ಇನ್ನಿಬ್ಬರು.

“ನಮಗೂ ಹಾಗೇ ಆಗಿತ್ತು ಸದಾನಂದಣ್ಣ,” ಎಂದಳು ಶೀಲಾವತಿ. “ನಾಲ್ಕು ಜನಕ್ಕೂ. ನಾವು ಹೇಳಲಿಲ್ಲ.”

ಅಣ್ಣ ಒಬ್ಬೊಬ್ಬರ ಮುಖವನ್ನೂ ನೋಡಿದ. ತಲೆ ತಗ್ಗಿಸಿ ಪಕ್ಕಕ್ಕೆ ಸರಿದ.

“ಎಂಟು ಇಪ್ಪತ್ತರ ಲೋಕಲ್ ಹೋಗಿಬಿಡತೈತಿ, ನಡೀರಿ ನಡೀರಿ!” ಚಾಚಿ ಆಗಲೇ ಬುಟ್ಟಿ ಎತ್ತಿಕೊಂಡು ಗೇಟು ದಾಟಿದ್ದಳು.