ಏಳನೆಯ ಪ್ರಶ್ನೆಗೆ ಪುಟ್ಟಮ್ಮನ ಉತ್ತರ

೧೯೭೪ರ ಮಾರ್ಚ್ ತಿಂಗಳು. ನಾನಾಗ ಒಂದು ವಿಜ್ಞಾನ ವಸ್ತುಸಂಗ್ರಹಾಲಯದಲ್ಲಿ ಮೌಲ್ಯಮಾಪನ ಅಧಿಕಾರಿ. ನಮ್ಮ ಸಂಚಾರಿ ಪ್ರದರ್ಶನದ ಬಸ್ಸು ಊರೂರಿಗೆ ಹೋಗುತ್ತಿತ್ತು. ನೋಡಿದವರ ತಲೆಗೆ ಎಷ್ಟು ಹತ್ತಿತು ಎಂದು ಅಳೆಯುವುದು ನನ್ನ ಕೆಲಸ. ಕೈಯಲ್ಲಿ ಹತ್ತು ಪ್ರಶ್ನೆಗಳ ಫಾರಂ, ಪ್ರತಿಯೊಂದಕ್ಕೂ ಮೂರು ಕಲಂ: ಸರಿ, ತಪ್ಪು, ಗೊತ್ತಿಲ್ಲ. ಆ ಫಾರಂ ಮೇಲೆ ನನಗಿದ್ದ ನಂಬಿಕೆ ನೆನೆದರೆ ಈಗ ನಗು ಬರುತ್ತದೆ.

ಆ ಸಲ ಕೊಳ್ಳೇಗಾಲ, ಹನೂರು, ಯಳಂದೂರಿನಲ್ಲಿ ಎರಡೆರಡು ದಿನ. ರೇಷ್ಮೆಯ ಸೀಮೆಯೆಂದು ಹುಳುಮನೆಗೆ ಬೇಕಾದ ಉಪಕರಣವೊಂದನ್ನೂ ಇಟ್ಟಿದ್ದೆವು. ಅಕ್ಕಪಕ್ಕ ಎರಡು ಥರ್ಮಾಮೀಟರು. ಒಂದರ ಬುಡಕ್ಕೆ ಬಟ್ಟೆಯ ಬತ್ತಿ, ಬತ್ತಿಯ ತುದಿ ನೀರಿನ ಬಟ್ಟಲಲ್ಲಿ. ಗಾಳಿ ಒಣಗಿದ್ದರೆ ಬಟ್ಟೆಯ ನೀರು ಬೇಗ ಆರಿ ಆ ಕಡೆಯ ಪಾದರಸ ಕೆಳಗಿಳಿಯುತ್ತದೆ. ಗಾಳಿಯಲ್ಲಿ ತೇವ ತುಂಬಿದ್ದರೆ ಎರಡೂ ಸಮಕ್ಕೆ ನಿಲ್ಲುತ್ತವೆ. ಏಳನೆಯ ಪ್ರಶ್ನೆ ಇದರ ಮೇಲೆಯೇ: ಇವೆರಡನ್ನೂ ನೋಡಿದರೆ ಈಗ ಗಾಳಿ ಒಣಗಿದೆಯೋ, ತೇವವಾಗಿದೆಯೋ?

ವಿವರಿಸುತ್ತಿದ್ದವರು ಧನಗೆರೆಯ ಮಹದೇವಪ್ಪ. ನಲವತ್ತು ದಾಟಿದವರು, ಮೂರು ಮಕ್ಕಳ ತಂದೆ, ಇನ್ನೂ ಹಂಗಾಮಿ ನೌಕರ. ಅವರನ್ನು ಉಳಿಸಿಕೊಳ್ಳುವುದೋ ಬಿಡುವುದೋ ಎಂಬುದು ನನ್ನ ವರದಿಯ ಮೇಲೆ ನಿಂತಿತ್ತು. ನನಗೋ ಅವರ ರೀತಿಯೇ ಹಿಡಿಸಲಿಲ್ಲ. ಬರೆದುಕೊಟ್ಟ ಪಾಠ ಬಿಟ್ಟು, ಬಂದವರನ್ನೇ "ನಿಮ್ಮನೇಲಿ ಎಂಗ್ ಮಾಡೀರಿ?" ಎಂದು ಕೇಳಿ ಹರಟೆಗಿಳಿಯುತ್ತಿದ್ದರು. ಮೂರು ಊರಲ್ಲೂ ಅಳತೆ ಒಂದೇ ಸಮ ಇರಲೆಂದು ನಾನು ಕಟ್ಟಪ್ಪಣೆ ಮಾಡಿದ್ದೆ: "ಸಮೀಕ್ಷೆ ಮುಗಿಯುವವರೆಗೆ ಯಾವ ಉಪಕರಣವನ್ನೂ ಮುಟ್ಟಬೇಡಿ."

ಹನೂರಿನಲ್ಲಿ ಏಳನೆಯ ಪ್ರಶ್ನೆಗೆ 'ಗೊತ್ತಿಲ್ಲ' ಕಲಂ ತುಂಬಿಹೋಯಿತು. ಮಹದೇವಪ್ಪನವರ ಕೆಲಸ ಉಳಿಯುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನಿಸಿಬಿಟ್ಟೆ.

ಯಳಂದೂರಿಗೆ ಅಗರದ ಪುಟ್ಟಮ್ಮ ಬಂದರು. ಮನೆಯಲ್ಲಿ ರೇಷ್ಮೆಹುಳು ಸಾಕುವ ಹೆಂಗಸು. ಆ ಥರ್ಮಾಮೀಟರುಗಳ ಮುಂದೆ ಬಹಳ ಹೊತ್ತು ನಿಂತಿದ್ದರು. ನಾನು ಏಳನೆಯ ಪ್ರಶ್ನೆ ಕೇಳಿದೆ. "ಗೊತ್ತಿಲ್ಲ ಸಾ," ಎಂದರು. ಆ ಕಲಂನಲ್ಲಿ ಗೀಟು ಎಳೆದೆ, ಅಂಕಕ್ಕೆ ಸೊನ್ನೆ ಹಾಕಿದೆ. ಬಸ್ಸಿನಿಂದಿಳಿದು ಕಿಟಕಿಯ ಪಕ್ಕ ನೀರು ಕುಡಿಯುತ್ತಿದ್ದಾಗ ಒಳಗೆ ಅವರು ಮಹದೇವಪ್ಪನವರಿಗೆ ಹೇಳುತ್ತಿದ್ದುದು ಕೇಳಿಸಿತು.

"ಅಣ್ಣ, ಎರಡೂ ಸಮಕ್ಕೆ ನಿಂತವಲ್ಲ. ನೀನೇಳ್ದಂಗಾದ್ರೆ ಗಾಳೀಲಿ ಮಳೆಗಾಲದ ತ್ಯಾವ ಇರ್ಬೇಕು. ಬೆಳಿಗ್ಗೆ ಕುಯ್ದ ಸೊಪ್ಪು ಮನೆಗೋಗೋದ್ರೊಳಗೆ ಕುಕ್ಕೇಲೇ ಬಾಡೋಯ್ತು. ನಿನ್ ಮಿಸನ್ನು ಸುಳ್ಳೇಳ್ತದೆ ಕಣಣ್ಣ."

ಓಡಿಹೋಗಿ ನೋಡಿದೆ. ಬಟ್ಟಲಲ್ಲಿ ಒಂದು ತೊಟ್ಟು ನೀರಿಲ್ಲ, ಬತ್ತಿ ಗರಿಗರಿ ಒಣಗಿತ್ತು; ಎರಡೂ ಸಮಕ್ಕೆ ನಿಂತದ್ದು ಅದಕ್ಕೇ.

"ಹನೂರಲ್ಲೇ ಏಳಾಕ್ ಬಂದೆ ಸಾ," ಎಂದರು ಮಹದೇವಪ್ಪ ಮೆಲ್ಲಗೆ. "ಮುಟ್ಟುದ್ರೆ ಅಳತೆ ಕೆಡ್ತದೆ ಅಂತ ಗದರುದ್ರಿ."

ಹೌದು, ಗದರಿದ್ದೆ. ದೀಪದ ಬುಡದಲ್ಲೇ ಕತ್ತಲೆ. ಪುಟ್ಟಮ್ಮನನ್ನು ಕೇಳಿದೆ: "ಇಷ್ಟೆಲ್ಲ ತಿಳಿದೂ ನನಗೇಕೆ ಗೊತ್ತಿಲ್ಲ ಅಂದಿರಮ್ಮ?"

"ಪೆನ್ನು ಇಡ್ಕಂಡಿದ್ರಲ್ಲ ಸಾ. ಸರ್ಕಾರದ ಸಾಮಾನು ಕೆಟ್ಟದೆ ಅಂತ ಬರೆಸಿ ನಾನ್ಯಾಕ್ ತಗಲಾಕಳ್ಳಿ?"

ಮೂವರೂ ನಕ್ಕೆವು, ನನ್ನ ನಗು ಸ್ವಲ್ಪ ಸಣ್ಣದು. ಪುಟ್ಟಮ್ಮ ನನ್ನ ಕೈಯಿಂದ ಚೊಂಬು ತೆಗೆದುಕೊಂಡು ಬತ್ತಿಯನ್ನು ನೆನೆಸಿ ಬಟ್ಟಲು ತುಂಬಿದರು. ಸ್ವಲ್ಪ ಹೊತ್ತಿಗೆ ಪಾದರಸ ಸರಸರ ಇಳಿಯಿತು. "ಇಂಥ ದಿನ ಉಳಿನ ಮನೆ ಕಿಟ್ಕಿಗೆ ಒದ್ದೆ ಗೋಣಿಚೀಲ ಕಟ್ತೀವಿ ಸಾ. ಇದೂ ಅದೇಯ," ಎಂದರು. ನನಗೆ ಆ ತಾಯಿಯ ಮೇಲೆ ತುಂಬು ಪ್ರೀತಿ ಉಕ್ಕಿತು.

ಬಟ್ಟಲು ಬತ್ತಿದ್ದು ನನ್ನ ಅಪ್ಪಣೆಯಿಂದ, ತಪ್ಪು ಹಿಡಿದದ್ದು ನೋಡಲು ಬಂದವರು, ಹಿಡಿಯುವಷ್ಟು ಚೆನ್ನಾಗಿ ತಿಳಿಸಿದ್ದು ಮಹದೇವಪ್ಪ ಎಂದು ವರದಿಯಲ್ಲಿ ಬರೆದೆ. ಅವರ ಕೆಲಸ ಖಾಯಂ ಆಯಿತು. ಹೊಸ ಫಾರಂನ ಮೊದಲ ಪ್ರಶ್ನೆ ಅವರದೇ: ನಿಮ್ಮ ಮನೆಯಲ್ಲಿ ಹೇಗೆ ಮಾಡುತ್ತೀರಿ? ಉತ್ತರಕ್ಕೆ ಅರ್ಧ ಪುಟ ಖಾಲಿ ಬಿಟ್ಟೆ. ಜನಕ್ಕೆ ಗೊತ್ತಿಲ್ಲ ಎಂದು ಬರೆಯುವ ಮುಂಚೆ, ಅವರಿಗೆ ಗೊತ್ತಿರುವುದನ್ನು ಕೇಳಿದ್ದೇನೆಯೇ ಎಂದು ನೋಡಿಕೊಳ್ಳಬೇಕು. ವೃತ್ತಿ ನನಗೆ ಕಲಿಸಿದ್ದು ಇಷ್ಟು.

ಬಸ್ಸಿಳಿಯುವಾಗ ಪುಟ್ಟಮ್ಮ, "ನನ್ ಸೊನ್ನೆ ಅಳಿಸ್ತೀರಾ ಸಾ?" ಎಂದು ಕೇಳಿದ್ದರು. ನಾನು ಅಳಿಸಲಿಲ್ಲ. ಫಾರಂನಲ್ಲಿ ಅವರ ಹೆಸರು ಹೊಡೆದು, ಅಲ್ಲಿ ನನ್ನ ಹೆಸರು ಬರೆದೆ.