ಉಡದ ಮರಿ ನೋಡಲು ಗುತ್ತಿಗಾರಿಗೆ

ಉಡದ ಮರಿ ನೋಡಲೆಂದು ಪುತ್ತೂರಿನಲ್ಲಿ ಬೆಳಗಿನ ಬಸ್ಸು ಹತ್ತಿದೆ. ಆಧಾರ್ ತೋರಿಸಿದ್ದರಿಂದ ಟಿಕೆಟಿಗೆ ದುಡ್ಡಿಲ್ಲ. ಆದರೆ ಸೀಟೂ ಇಲ್ಲ, ಸುಳ್ಯದವರೆಗೆ ಕಂಬಿ ಹಿಡಿದು ನಿಂತೇ ಹೋದೆ. ಏಪ್ರಿಲ್ ತಿಂಗಳ ಸೆಕೆ ಬೇರೆ. ಸುಳ್ಯದಲ್ಲಿ ಎರಡು ಬನ್ಸ್ ತಿಂದು, ಗುತ್ತಿಗಾರಿನ ಬಸ್ಸಿನಲ್ಲಿ ಕಿಟಕಿ ಪಕ್ಕ ಕುಳಿತ ಮೇಲೆ ಜೀವ ಬಂತು.

ಕಳೆದ ಮಳೆಗಾಲದಲ್ಲಿ ನನ್ನ ದೊಡ್ಡಪ್ಪನ ಮಗಳು ಲಲಿತಕ್ಕ ಫೋನ್ ಮಾಡಿದ್ದಳು. ಅವಳ ಗುಡ್ಡದ ಹುತ್ತವನ್ನು ಉಡವೊಂದು ಅಗೆದು, ಒಳಗೆ ಮೊಟ್ಟೆಯಿಟ್ಟು, ಮಣ್ಣು ಮುಚ್ಚಿ ಹೋಗಿತ್ತಂತೆ. ಮರಿ ಹೊರಬರಲು ಬೇಸಿಗೆಯೇ ಆಗಬೇಕು. ಹುತ್ತವೆಂದರೆ ನಾಗನ ಜಾಗ, ನಮ್ಮ ಕಡೆ ಯಾರೂ ಮುಟ್ಟುವುದಿಲ್ಲ. ಉಡದ ಮಾಂಸಕ್ಕೆ ಬಾಯಿ ಬಿಡುವವರೂ ಅಲ್ಲಿ ಕೈಮುಗಿದು ಸರಿಯುತ್ತಾರೆ. ಅದಕ್ಕಿಂತ ಭದ್ರವಾದ ಜಾಗ ಬೇರೆಲ್ಲಿದೆ ಎಂದು ನಾನೂ ನಿಶ್ಚಿಂತೆಯಿಂದಿದ್ದೆ.

ಪೇಟೆಯಿಂದ ಆಟೋದಲ್ಲಿ ಹೋದರೆ ಲಲಿತಕ್ಕ ಗೇಟಿನ ಹತ್ತಿರವೇ ನಿಂತಿದ್ದಳು. ಮುಖ ಬಾಡಿತ್ತು. “ಫೋನಿನಲ್ಲಿ ಹೇಳ್ಲಿಕ್ಕೆ ಬಾಯಿ ಬರ್ಲಿಲ್ಲ ಶೋಭಾ,” ಎನ್ನುತ್ತ ಗುಡ್ಡಕ್ಕೆ ಕರೆದೊಯ್ದಳು. ಹುತ್ತವಿರಲಿಲ್ಲ. ಜೆಸಿಬಿ ಸಮ ಮಾಡಿದ ಕೆಂಪು ನೆಲದಲ್ಲಿ ರಬ್ಬರ್ ಗಿಡಕ್ಕೆ ಗುಂಡಿ ತೋಡಿದ್ದರು.

ಆದದ್ದಿಷ್ಟು. ಭಾವನಿಗೆ ರಬ್ಬರ್ ಹಾಕಬೇಕಿತ್ತು. ಸುಮ್ಮನೆ ಹುತ್ತ ಕೆಡವಿದರೆ ದೋಷವೆಂದು ಭಟ್ಟರನ್ನು ಕರೆಸಿ, ಕ್ರಮಪ್ರಕಾರ ನಾಗನನ್ನು ಮನೆ ಹತ್ತಿರದ ಹೊಸ ಕಟ್ಟೆಯಲ್ಲಿ ಪ್ರತಿಷ್ಠೆ ಮಾಡಿಸಿದರು. ಪಾಯಸದ ಊಟವೂ ಆಯಿತು. ನಾಗ ಹೋದ ಮೇಲೆ ಹುತ್ತ ಅವರಿಗೆ ಬರೀ ಮಣ್ಣು.

“ಒಳಗೆ ಮೊಟ್ಟೆ ಉಂಟು, ಸ್ವಲ್ಪ ದಿನ ನಿಲ್ಲಿ ಅಂತ ಹೇಳಿದೆ. ಎಲ್ಲ ನಗಾಡಿದ್ರು. ಉಡಕ್ಕೂ ಪ್ರತಿಷ್ಠೆ ಮಾಡಿಸುದಾ ಅಂತ ಕೇಳಿದ್ರು ನಿನ್ನ ಭಾವ,” ಎಂದಳು ಲಲಿತಕ್ಕ. “ಜೆಸಿಬಿಗೆ ಮೊಟ್ಟೆ ಎಲ್ಲ ಒಡೆದು ಹೋಯ್ತು, ಒಳಗೆ ಮರಿ ಎಲ್ಲ ಬಲಿತಿತ್ತು ಮಾರಾಯ್ತಿ. ಒಂದೆರಡು ಮಿಸುಕಾಡ್ತಾ ಇತ್ತು, ಮತ್ತೆ ಅದೂ ನಿಂತಿತು. ನಾನೇ ಹೂತದ್ದು.”

ನನಗೆ ಅಳು ಬಂತು. ಮಧ್ಯಾಹ್ನ ಎಲ್ಲರ ಜೊತೆ ಊಟಕ್ಕೆ ಕುಳಿತೆ. ಭಾವ ಒಳ್ಳೆಯವರೇ, ಒತ್ತಾಯ ಮಾಡಿ ಮಜ್ಜಿಗೆ ಬಡಿಸಿದರು. ಮೊಟ್ಟೆಯ ಮಾತು ಮಾತ್ರ ಎತ್ತಲಿಲ್ಲ.

ಬಸ್ಸಿಗೆ ಹೊರಟಾಗ ಲಲಿತಕ್ಕ ಕಳಿಸಿಕೊಡಲು ಬಂದಳು. ನಾಗನ ಕಟ್ಟೆಯ ಬಳಿ ಇಬ್ಬರೂ ನಿಂತುಬಿಟ್ಟೆವು. ದೊಡ್ಡ ಉಡವೊಂದು ಕಟ್ಟೆಯ ಸುತ್ತ ನಾಲಗೆ ಚಾಚುತ್ತ ಸುಳಿದಾಡಿ, ಮುಂಗಾಲಿನಿಂದ ಸಿಮೆಂಟನ್ನು ಕೆರೆಯುತ್ತಿತ್ತು. ಅದೇ ಉಡವೋ ಬೇರೆಯೋ, ಯಾರು ಹೇಳಬೇಕು? ಲಲಿತಕ್ಕ ಎರಡು ಹೆಜ್ಜೆ ಮುಂದೆ ಹೋಗಿ ಅದರ ಹತ್ತಿರ ಮೆಲ್ಲಗೆ ಮಾತಾಡಿದಳು.

“ಅಲ್ಲಿ ಇಲ್ಲ ಮಗಾ. ಅದು ನಾಗನಿಗೆ ಮಾತ್ರ ಕಟ್ಟಿದ್ದು.”